ನಾಲ್ಕನೆಯ ಸುತ್ತು

ಬೀರಾನನ ಕೈಗೆ ಏನೋ ಆಗಿದೆ ಎಂದು ಮೊದಲು ಕಂಡುಹಿಡಿದವಳು ಅವನ ಹೆಂಡತಿ ಕದೀಸುಮ್ಮ. ಕಂಡುಹಿಡಿದದ್ದು ಅಡುಗೆಮನೆಯಲ್ಲಿ. ಅವಳು ಅಕ್ಕಿಹಿಟ್ಟಿನ ಪತ್ತಿರಿ ರೊಟ್ಟಿ ಬೇಯಿಸುತ್ತಿದ್ದಳು. ಹಿಟ್ಟಿನ ಪಾತ್ರೆಯ ಕಡೆ ತಿರುಗಿದ್ದಾಗ ಕಾವಲಿಯಿಂದ ಹೊಗೆ ಎದ್ದಿತು. ಬಾಗಿಲ ಬಳಿ ಚಹಾ ಕುಡಿಯುತ್ತಿದ್ದ ಬೀರಾನ್ ಎದ್ದು ಬಂದು, ಬಟ್ಟೆಗಿಟ್ಟೆ ಏನೂ ಹುಡುಕದೆ, ಕಾದ ಕಾವಲಿಯ ಅಂಚನ್ನು ಬರಿಗೈಯಲ್ಲಿ ಹಿಡಿದು ಎತ್ತಿ ಕೆಳಗಿಟ್ಟ. ಮತ್ತೆ ಹೋಗಿ ಕೂತು ಲೋಟ ಎತ್ತಿಕೊಂಡ.

“ಕೈ ತೋರಿಸಿ,” ಎಂದಳು ಕದೀಸುಮ್ಮ.

“ಯಾಕೆ?”

“ತೋರಿಸಿ ಅಂದೆ.”

ಬೆರಳ ತುದಿಗಳಲ್ಲಿ ಬಿಳಿ ಗುಳ್ಳೆಗಳು ಏಳುತ್ತಿದ್ದವು. ಬೀರಾನ್ ಅವುಗಳನ್ನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದ.

“ಉರಿಯಲ್ವಾ?”

“ಉರಿಯುತ್ತೆ. ಸ್ವಲ್ಪ.”

“ಸುಳ್ಳು. ಸೊಳ್ಳೆ ಕಚ್ಚಿದ್ರೆ ಇಡೀ ಓಣಿಗೆ ಕೇಳೋ ಹಾಗೆ ಕೂಗೋ ಮನುಷ್ಯ ನೀವು. ಕಾವಲಿ ಹಿಡಿದು ಸುಮ್ಮನಿದೀರಿ ಅಂದ್ರೆ ನಾನು ನಂಬಬೇಕಾ?”

ಅವಳು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಏನೂ ಇರಲಿಲ್ಲ. ಬೇಪೂರಿನ ಹೊಳೆದಂಡೆಯಲ್ಲಿ ಬೀರಾನನಷ್ಟು ಹೆದರುವ ಗಂಡಸು ಇನ್ನೊಬ್ಬನಿರಲಿಲ್ಲ, ಅದನ್ನವನು ಎಂದೂ ಮುಚ್ಚಿಟ್ಟವನೂ ಅಲ್ಲ. ಬಾಗಿಲ ಚಿಲಕ ಹಾಕಿ ಹಾಸಿಗೆಗೆ ಬಂದವನು ಎದ್ದು ಹೋಗಿ ಮತ್ತೆ ಎಳೆದು ನೋಡಬೇಕು. ತೆಂಗಿನ ಮರಗಳ ಕೆಳಗೆ ತಲೆ ಎತ್ತಿಕೊಂಡೇ ನಡೆಯಬೇಕು. ಹಾಗೆ ನಡೆದು ಒಮ್ಮೆ ಚರಂಡಿಗೆ ಬಿದ್ದಿದ್ದ. ಬಸ್ಸು ಹತ್ತಿದರೆ ಡ್ರೈವರನ ಕಾಲನ್ನೇ ನೋಡುತ್ತ, ಬ್ರೇಕು ಬೀಳಬೇಕಾದಲ್ಲೆಲ್ಲ ತಾನೂ ಕಾಲು ಒತ್ತುತ್ತಿದ್ದ. ಮಗಳು ಸಫೂರಾ ಚಿಕ್ಕವಳಿದ್ದಾಗ ಮಾವಿನ ಕೊಂಬೆಗೆ ಉಯ್ಯಾಲೆ ಕಟ್ಟಿಕೊಟ್ಟು, ಅದನ್ನು ತೂಗಲು ಬಿಡದೆ, ಅವಳನ್ನು ಅದರ ಮೇಲೆ ಸುಮ್ಮನೆ ಕೂರಿಸಿ ಆಟ ಆಡಿಸಿದ ಪುಣ್ಯಾತ್ಮ ಇವನು.

ಇಂಥವನು ಖಲಾಸಿ ಹೇಗಾದ ಎಂದು ಹೊರಗಿನವರು ಕೇಳುತ್ತಾರೆ. ಹೆದರಿಕೆಯಿಂದಲೇ ಆದ.

ಬೇಪೂರಿನಲ್ಲಿ ಮರದ ದೊಡ್ಡ ಹಡಗು ಕಟ್ಟುತ್ತಾರೆ, ಅದೇ ಉರು. ಕಟ್ಟುವವರು ಆಚಾರಿಗಳು. ಕಟ್ಟಿದ್ದನ್ನು ದಂಡೆಯಿಂದ ನೀರಿಗಿಳಿಸುವವರು ಖಲಾಸಿಗಳು. ಕ್ರೇನು ಬಂದಿದೆಯಲ್ಲ ಎನ್ನುವವರಿಗೆ ಒಂದೇ ಉತ್ತರ: ಹೊಳೆಯ ಕೆಸರಲ್ಲಿ ಕ್ರೇನು ನಿಲ್ಲುವುದಿಲ್ಲ, ಖಲಾಸಿ ನಿಲ್ಲುತ್ತಾನೆ. ಉರುವಿನ ಮುಂದೆ, ನೀರಿನ ಕಡೆಗೆ, ರಾಟೆಗಳಿಗೆ ಪೋಣಿಸಿದ ಹಗ್ಗ. ಅದರ ಕೊನೆಗೆ ತಿರುಗಣೆ. ತಿರುಗಣೆಯ ತೋಳುಗಳನ್ನು ನೂಕಿ ಸುತ್ತುವ ಗಟ್ಟಿ ಆಳುಗಳು. ಅವರ ಹೆಜ್ಜೆಗೆ ಕೂಗು ಹಾಕುವ ಮುಂದಾಳು, ಅವನನ್ನು ಮೂಪ್ಪ ಎನ್ನುವುದು. ಪಟ್ಟಣದಿಂದ ಫೋಟೊ ತೆಗೆಯಲು ಬರುವವರೆಲ್ಲ ಅಲ್ಲೇ ಮುತ್ತಿಕೊಳ್ಳುತ್ತಾರೆ. ಬೆವರು, ಹಾಡು, ತೋಳಿನ ಮಾಂಸಖಂಡ, ಎಲ್ಲ ಅಲ್ಲೇ ಇದೆಯಲ್ಲ! ಉರುವಿನ ಹಿಂದೆ ಇನ್ನೊಂದು ಹಗ್ಗ ಇರುತ್ತದೆ, ಬಾಲದ ಹಗ್ಗ. ನೆಲದಲ್ಲಿ ಆಳವಾಗಿ ಹೂತ ಗೂಟಕ್ಕೆ ಅದನ್ನು ಸುತ್ತಿ, ತುದಿ ಹಿಡಿದು, ಒಬ್ಬನೇ ಒಬ್ಬ ಮನುಷ್ಯ ಕೂತಿರುತ್ತಾನೆ. ಅವನ ಫೋಟೊ ಯಾರೂ ತೆಗೆಯುವುದಿಲ್ಲ.

ಆ ಜಾಗಕ್ಕೆ ಬೀರಾನನನ್ನು ಆರಿಸಿದವನು ಅವನ ಸೋದರಮಾವ ಉಣ್ಣೀನ್. ಅಕ್ಕನ ಮಗ ತಿರುಗಣೆಗೆ ಕೈ ಹಾಕಲು ಹೆದರಿ ಹಿಂದೆ ಸರಿಯುವುದನ್ನು ನೋಡಿ ಉಳಿದವರು ನಕ್ಕರೆ, ಉಣ್ಣೀನ್ ನಗಲಿಲ್ಲ. ಕಲ್ಲು ತುಂಬಿದ ಕೈಗಾಡಿಯನ್ನು ದಂಡೆಯ ಇಳಿಜಾರಿನಲ್ಲಿ ನಿಲ್ಲಿಸಿ, ಅದರ ಹಿಂಬದಿಗೆ ಹಗ್ಗ ಕಟ್ಟಿ, ಹಗ್ಗವನ್ನು ತೆಂಗಿನ ಮರಕ್ಕೆ ಒಂದು ಸುತ್ತು ಸುತ್ತಿ ತುದಿಯನ್ನು ಹುಡುಗನ ಕೈಗಿಟ್ಟು ಗಾಡಿಯನ್ನು ನೂಕಿದ. ಹಗ್ಗ ಅಂಗೈ ಸುಟ್ಟುಕೊಂಡು ಓಡಿತು. ಎರಡು ಸುತ್ತು ಹಾಕಿ ನೂಕಿದ. ಹಗ್ಗ ಬೀರಾನನನ್ನೂ ಎಳೆದುಕೊಂಡು ಮರಕ್ಕೆ ಬಡಿಯಿತು. ಮೂರು ಸುತ್ತು ಹಾಕಿ ನೂಕಿದ. ಎರಡೇ ಬೆರಳಲ್ಲಿ ಹಿಡಿದರೂ ಗಾಡಿ ನಿಂತಿತು. ಬೆರಳು ಎಷ್ಟು ಸಡಿಲಿಸಿದರೆ ಅಷ್ಟೇ ಜಾರಿತು.

“ನೋಡು ಮೋನೇ,” ಎಂದ ಉಣ್ಣೀನ್, ಸ್ವಂತ ಮಗನನ್ನು ಕರೆಯುವ ಹಾಗೆ. “ನಿಂತ ವಸ್ತು ಶುದ್ಧ ಸೋಮಾರಿ. ಯಾರಾದ್ರೂ ನೂಕೋವರೆಗೂ ಅಲ್ಲೇ ಬಿದ್ದಿರುತ್ತೆ. ಹೊರಟ ವಸ್ತುನೂ ಅಷ್ಟೇ ಸೋಮಾರಿ. ಯಾರಾದ್ರೂ ಹಿಡಿಯೋವರೆಗೂ ಹೋಗ್ತಾನೇ ಇರುತ್ತೆ, ತಾನಾಗಿ ನಿಲ್ಲೋಣ ಅಂತ ಅದಕ್ಕೆ ಅನ್ನಿಸೋದೇ ಇಲ್ಲ. ಮೊದಲನೇ ಸೋಮಾರಿತನ ಬಿಡಿಸೋಕೆ ಮುಂದೆ ಅಷ್ಟು ಜನ ಇದಾರೆ. ಎರಡನೇದು ನಿನ್ನೊಬ್ಬನ ಪಾಲಿಗೆ. ಅದಕ್ಕೆ ಧೈರ್ಯವಂತ ಆಗಲ್ಲ. ಧೈರ್ಯವಂತ ಹಗ್ಗ ಹಿಡ್ಕೊಂಡು ಆಕಡೆ ಈಕಡೆ ನೋಡ್ತಾನೆ. ಹೆದರುವವನು ಬೇಕು.”

ಹೀಗೆ ಊರೆಲ್ಲ ನಗುತ್ತಿದ್ದ ಗುಣಕ್ಕೆ ಒಂದು ಕೆಲಸ ಸಿಕ್ಕಿತು. ಮೂಪ್ಪ ಮುಂದೆ ಎಳೆಸಿದಷ್ಟನ್ನೇ ಬೀರಾನ್ ಹಿಂದೆ ಬಿಡುತ್ತಿದ್ದ, ಗೇಣು ಗೇಣಾಗಿ, ಕೂಗು ಕೂಗಿಗೆ. ಉರು ಹಠ ಹಿಡಿದು ಕೂತಿದೆಯೋ, ಜಾರಲು ಹವಣಿಸುತ್ತಿದೆಯೋ, ಎಲ್ಲ ಅಂಗೈಗೆ ಬರುತ್ತಿತ್ತು. ಹಗ್ಗ ಸಣ್ಣಗೆ ನಡುಗಿದರೆ ಒಂದು ಅರ್ಥ, ಗುಂಯ್‌ಗುಟ್ಟಿದರೆ ಇನ್ನೊಂದು. ಕಣ್ಣು ಗೂಟದ ಮೇಲೆ, ಬಾಯಿಗೆ ಬೀಗ. ಹಗ್ಗ ಬಿಗಿಯಾಗಿರುವಾಗ ಮೂಪ್ಪನ ಹೊರತು ಯಾರೂ ಮಾತಾಡಕೂಡದು, ಬಾಲದವನಂತೂ ಕೆಮ್ಮಲೂ ಕೂಡದು; ದಿಮ್ಮಿ ಕೊಡುತ್ತ ಉರುವಿನ ಅಡಿಯಲ್ಲಿರುವವರು ಒಂದೇ ದನಿ ಕೇಳಿ ಕೈಕಾಲು ಆಡಿಸುವವರು, ಹಿಂದಿನಿಂದ ಎರಡನೆಯ ದನಿ ಬಂದರೆ ಕೈ ಎಲ್ಲಿಡುವುದೆಂದು ತಿಳಿಯದೆ ಕೈಯನ್ನೇ ಕಳೆದುಕೊಳ್ಳುತ್ತಾರೆ. ಹಾಗಾಗಿ ಬೀರಾನ್ ಅಷ್ಟು ಉರುಗಳನ್ನು ಇಳಿಸಿದರೂ ಒಂದಾದರೂ ನೀರು ಮುಟ್ಟುವುದನ್ನು ಕಂಡವನಲ್ಲ. ಅವನು ತಲೆ ಎತ್ತುವ ಹೊತ್ತಿಗೆ ಅದು ತೇಲುತ್ತಿರುತ್ತಿತ್ತು.

ಅಂಥ ಅಂಗೈ ಈಗ ಸತ್ತಿತ್ತು. ಸಕ್ಕರೆ ಕಾಯಿಲೆ ಅವನಿಗೆ ಹಳೆಯದು. ಮೊದಲು ಕಾಲ್ಬೆರಳು ಜೋಮು ಹಿಡಿಯಿತು, ಅದನ್ನವನು ಲೆಕ್ಕಕ್ಕಿಡಲಿಲ್ಲ. ಕೈಗೆ ಬಂದಾಗ ಆಸ್ಪತ್ರೆಗೆ ಹೋದ. ಡಾಕ್ಟರು ಅವನ ಕಣ್ಣು ಮುಚ್ಚಿಸಿ ಬೆರಳುಗಳಿಗೆ ಸೂಜಿ ಚುಚ್ಚುತ್ತ, ಚುಚ್ಚಿದಾಗ ಹೇಳಿ ಎಂದರು. ಬೀರಾನ್ ಹೇಳಲೆಂದು ಕಾಯುತ್ತಲೇ ಇದ್ದ. ಕೊನೆಗೆ ಕಣ್ಣು ಬಿಟ್ಟರೆ ಡಾಕ್ಟರು ಸೂಜಿ ಎತ್ತಿಟ್ಟು ಕೈ ತೊಳೆಯುತ್ತಿದ್ದರು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಚಿಲಕದ ಬಗ್ಗೆ ಊರಿಗೆಲ್ಲ ಹೇಳಿಕೊಂಡು ಓಡಾಡುವವನು ಇದೊಂದನ್ನು ನುಂಗಿಕೊಂಡಿದ್ದ.

“ಮೂಪ್ಪನ ಹತ್ರ ಇವತ್ತೇ ಹೇಳಿ,” ಎಂದಳು ಕದೀಸುಮ್ಮ, ಗುಳ್ಳೆಗಳಿಗೆ ತೆಂಗಿನೆಣ್ಣೆ ಸವರುತ್ತ. “ನಿಮ್ಮ ಹಗ್ಗದ ಆಕಡೆ ತುದೀಲಿ, ಆ ಉರು ಕೆಳಗೆ ಯಾರಿರ್ತಾರೆ ಅಂತ ಗೊತ್ತಲ್ಲ?”

ಗೊತ್ತಿತ್ತು. ಉರುವಿನ ಅಡಿಗೆ ಉರುಳುದಿಮ್ಮಿ ಕೊಡುವವರಲ್ಲಿ ಅಳಿಯ ಜಂಶೀರನೂ ಒಬ್ಬ. ಆ ಕಡೆಯ ರೂಢಿಯಂತೆ ಅವನು ಮದುವೆಯಾದಾಗಿನಿಂದ ಹೆಂಡತಿಯ ಮನೆಯಲ್ಲೇ ಇದ್ದ. ಪುದಿಯಾಪ್ಲೆ, ಅಂದರೆ ಮದುಮಗ, ಎಂದೇ ದಂಡೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು. ಸಫೂರಾಗೆ ಆಗ ತಿಂಗಳು ತುಂಬುತ್ತಾ ಬಂದಿತ್ತು.

“ಹೇಳ್ತೀನಿ. ಈ ಉರು ಒಂದು ಇಳೀಲಿ.”

“ಇಳಿಯೋದಕ್ಕೆ ಮುಂಚೆ ಹೇಳಬೇಕಾದ ಮಾತು ಇಳಿದಮೇಲೆ ಹೇಳಿ ಏನು ಉಪಕಾರ?”

“ನಾನು ಎದ್ರೆ ಅಲ್ಲಿ ಹಂಸನ ಕೂರಿಸ್ತಾರೆ ಕದೀಸೂ. ಅವನು ಒಂದು ಕೈಲಿ ಹಗ್ಗ ಹಿಡ್ಕೊಂಡು ಇನ್ನೊಂದು ಕೈಲಿ ಬೀಡಿ ಹಚ್ಚೋನು. ಅವನ ಕೈಗೆ ಜಂಶೀರನ ಜೀವ ಕೊಡ್ಲಾ?”

ಇದು ಪೂರ್ತಿ ನೆಪವಲ್ಲ, ಪೂರ್ತಿ ನಿಜವೂ ಅಲ್ಲ. ಗೂಟದ ಹಿಂದಿನ ಆ ಜಾಗ ಬಿಟ್ಟರೆ ತಾನು ಬರೀ ಚರಂಡಿಗೆ ಬಿದ್ದ ಬೀರಾನ್ ಆಗಿ ಉಳಿಯುತ್ತೇನೆ ಎಂಬುದು ಅವನನ್ನು ಕೊರೆಯುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಮಾನ ಅಡ್ಡಬಂತು.

ಅಂದಿನಿಂದ ಅವನು ಒಂದು ಕೆಲಸ ಹಚ್ಚಿಕೊಂಡ. ಸಂಜೆ ಜಂಶೀರ್ ಮನೆಗೆ ಬಂದು ಸ್ನಾನ ಮಾಡಿ ಜಗಲಿಯಲ್ಲಿ ಕೂತರೆ ಸಾಕು, ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದು ಜಗಲಿಯ ಕಂಬಕ್ಕೆ ಸುತ್ತಿ, “ಹಿಡಿ ಮೋನೇ,” ಎನ್ನುವುದು. ತಾನು ಆಕಡೆಯಿಂದ ಎಳೆಯುವುದು. “ಈಗ ಬಿಡು. ಅಷ್ಟಲ್ಲ! ಒಂದು ಗೇಣು ಅಂದೆ. ಈಗ ನಿಲ್ಲಿಸು.”

“ಉಪ್ಪಾ, ಹೊಟ್ಟೆ ಹಸಿದಿದೆ,” ಎನ್ನುತ್ತಿದ್ದ ಜಂಶೀರ್, ಮಾವನನ್ನು ಅಪ್ಪನೆಂದೇ ಕರೆಯುತ್ತ.

“ಹಗ್ಗಕ್ಕೆ ಹೊಟ್ಟೆ ಇಲ್ಲ. ಬಿಡು, ಬೆರಳಿಂದ ಬಿಡು, ತೋಳಿಂದ ಅಲ್ಲ.”

ಒಳಗಿನಿಂದ ಸಫೂರಾ ನಗುತ್ತಿದ್ದಳು. ಕದೀಸುಮ್ಮ ನಗುತ್ತಿರಲಿಲ್ಲ.

ಉರು ಇಳಿಸುವ ದಿನ ಬೆಳಕು ಹರಿಯುತ್ತಿದ್ದ ಹಾಗೆಯೇ ಬೀರಾನ್ ದಂಡೆಗೆ ಹೋದ. ಮಧ್ಯಾಹ್ನ ಉಬ್ಬರ ತುಂಬುವ ಹೊತ್ತಿಗೆ ಉರು ನೀರಂಚಿಗೆ ಮುಟ್ಟಿರಬೇಕು. ತಪ್ಪಿದರೆ ಹೊಳೆ ಇಳಿದು ಅದು ಕೆಸರಲ್ಲಿ ಕೂರುತ್ತದೆ. ಅಷ್ಟು ದೊಡ್ಡ ಉರುವನ್ನು ಆ ದಂಡೆಯಲ್ಲಿ ಈಚೆಗೆ ಯಾರೂ ಕಟ್ಟಿರಲಿಲ್ಲ. ಅದರ ಹೊಟ್ಟೆಯ ನೆರಳಲ್ಲಿ ನಿಂತು ತಲೆ ಎತ್ತಿದರೆ ಆಕಾಶವೇ ಕಾಣುತ್ತಿರಲಿಲ್ಲ. ಬೀರಾನ್ ತಲೆ ಎತ್ತಲಿಲ್ಲ. ಇಬ್ಬನಿಗೆ ತೊಯ್ದ ನಾರಿನ ಹಗ್ಗವನ್ನು ಗೂಟಕ್ಕೆ ಮೂರು ಸುತ್ತು ಸುತ್ತಿ, ತುದಿ ಹಿಡಿದು ಜಗ್ಗಿ ನೋಡಿದ. ಏನೂ ತಿಳಿಯಲಿಲ್ಲ. ಎರಡು ಕೈಗೂ ದಪ್ಪ ಬಟ್ಟೆ ಸುತ್ತಿಕೊಂಡು ಜಗ್ಗಿದ ಹಾಗಿತ್ತು.

ಕಣ್ಣಲ್ಲಿ ನೋಡಿ ಬಿಟ್ಟರಾಯಿತು ಎಂದುಕೊಂಡಿದ್ದ ಅವನ ಧೈರ್ಯ ಅಲ್ಲೇ ಕರಗಿತು. ಕಣ್ಣು ನೋಡುವಷ್ಟರಲ್ಲಿ ಹಗ್ಗ ಓಡಿರುತ್ತದೆ. ಓಡುವ ಮೊದಲಿನ ಆ ಒಂದು ನಡುಕ ಕೈಗೇ ಗೊತ್ತಾಗಬೇಕಾದದ್ದು. ಗೊತ್ತಾಗದಿದ್ದರೆ? ಬೀರಾನನಿಗೆ ದಿಮ್ಮಿಯ ಮೇಲೆ ಬಗ್ಗಿದ ಅಳಿಯನ ಬೆನ್ನು ಕಣ್ಣಿಗೆ ಕಟ್ಟಿತು. ಆಗ ಅವನ ಹೆದರಿಕೆಗೆ ಒಂದು ಉಪಾಯ ಹೊಳೆಯಿತು. ಮೂರು ಸುತ್ತಿಗೆ ಕೈ ಬೇಕು. ಇನ್ನೊಂದು ಸುತ್ತು ಹಾಕಿಬಿಟ್ಟರೆ ಕೈಯೇ ಬೇಡ. ತಾನು ತುದಿ ಬಿಟ್ಟು ಎದ್ದುಹೋದರೂ ಉರು ಓಡಲಾರದು. ಬಿಡಬೇಕಾದಾಗ ಕೈಯಿಂದ ನೂಕಿ ನೂಕಿ ಹಗ್ಗ ಊಡಿಸಿದರಾಯಿತು.

ಅವನು ನಾಲ್ಕನೆಯ ಸುತ್ತು ಹಾಕಿದ. ಯಾರೂ ನೋಡಲಿಲ್ಲ. ನೋಡಿದ್ದರೂ, ಬೀರಾನ್ ಸುತ್ತಿದ್ದಲ್ಲವೇ ಎಂದು ಸುಮ್ಮನಾಗುತ್ತಿದ್ದರು.

ಸೈದಾಲಿ ಮೂಪ್ಪ ಬಂದ, ಆಳುಗಳು ಬಂದರು, ಹೊಳೆಯ ಅಂಚಿಗೆ ಊರಿನ ಹೆಂಗಸರು ಮಕ್ಕಳು ಬಂದು ತೆಂಗಿನ ನೆರಳಲ್ಲಿ ನಿಂತರು. ಮೂಪ್ಪ ಪ್ರಾರ್ಥನೆ ಹೇಳಿ ಮುಖ ಒರೆಸಿಕೊಂಡು ಮೊದಲ ಕೂಗು ಹಾಕಿದ.

“ಐಲೇಸಾ!”

“ಐಲೇಸಾ!” ಎಂದು ತಿರುಗಣೆಯವರು ಮಾರ್ನುಡಿದರು. ಉರು ನರಳಿತು, ನೆಲ ಬಿಟ್ಟಿತು, ಒಂದು ಗೇಣು ಸರಿಯಿತು. ಬೀರಾನ್ ಹಗ್ಗವನ್ನು ಗೂಟದತ್ತ ನೂಕಿ ಊಡಿಸಿದ. ಉರು ಕಟ್ಟಿದ ಅಂಗಳ ಸಮತಟ್ಟಾಗಿತ್ತು, ಹಿಂದಿನ ಹಗ್ಗಕ್ಕೆ ಹೆಚ್ಚು ಭಾರ ಇರಲಿಲ್ಲ, ಉಪಾಯ ನಡೆಯಿತು. ಇನ್ನೊಂದು ಕೂಗು, ಇನ್ನೊಂದು ಗೇಣು. ಬಿಸಿಲೇರುವಷ್ಟರಲ್ಲಿ ಉರು ಅಂಗಳ ದಾಟಿ ಇಳಿಜಾರಿನ ತಲೆಗೆ ಬಂತು. ಬೀರಾನನಿಗೆ ಆ ದಿನ ಮೊದಲ ಬಾರಿಗೆ ಬಾಯಾರಿಕೆಯಾಗಿದೆ ಎಂಬುದು ತಿಳಿಯಿತು. ಆಗಿಹೋಯಿತು, ಇನ್ನೇನು ಸ್ವಲ್ಪ ಹೊತ್ತು, ಎಂದುಕೊಂಡ.

ಇಳಿಜಾರಿಗೆ ಮೂಗು ಚಾಚಿದ ಉರು ಅಲ್ಲೇ ನಿಂತುಬಿಟ್ಟಿತು.

ಮೂಪ್ಪ ಕೂಗಿದ, ತಿರುಗಣೆಯವರು ನೂಕಿದರು, ಅದು ಅಲ್ಲಾಡಲಿಲ್ಲ. ಇನ್ನಷ್ಟು ಜನರನ್ನು ತೋಳುಗಳಿಗೆ ಹಾಕಿದ. ರಾಟೆಗಳು ಕಿರುಗುಟ್ಟಿದವು, ಮುಂದಿನ ಹಗ್ಗ ಕಬ್ಬಿಣದ ಸಲಾಕೆಯಂತೆ ನೆಟ್ಟಗಾಯಿತು, ಉರು ಮಾತ್ರ ಜಪ್ಪಯ್ಯ ಎನ್ನಲಿಲ್ಲ.

“ಮದುಮಗಳು ಮುನಿಸ್ಕೊಂಡಳು,” ಎಂದ ಮೂಪ್ಪ, ಬೆವರು ಒರೆಸಿಕೊಳ್ಳುತ್ತ. ಆಳುಗಳು ನಕ್ಕರು. “ಏ ಪುದಿಯಾಪ್ಲೇ, ಮದುಮಗಳನ್ನ ಒಲಿಸೋದು ನಿನಗೆ ಗೊತ್ತಲ್ಲ! ಕೆಳಗೆ ನುಗ್ಗಿ ನೋಡು. ಯಾವ್ದೋ ದಿಮ್ಮಿ ಅಡ್ಡ ತಿರುಗಿರಬೇಕು. ಮೀನೆಣ್ಣೆ ತಗೊಂಡು ಹೋಗು. ತಿರುಗಣೆಯವ್ರು ಬಿಗಿ ಬಿಡಬೇಡಿ, ಹಾಗೇ ಹಿಡಿದಿರಿ.”

ಜಂಶೀರ್ ಎಣ್ಣೆಯ ಡಬ್ಬಿ ಹಿಡಿದು ಉರುವಿನ ಹೊಟ್ಟೆಯಡಿಗೆ ತೆವಳಿದ. ಬೀರಾನನಿಗೆ ಕಾಣುತ್ತಿದ್ದದ್ದು ಅವನ ಅಂಗಾಲುಗಳು ಮಾತ್ರ. ಅವೂ ಒಳಗೆ ಸರಿದವು.

ಉರು ಸಿಕ್ಕಿಕೊಂಡಿದೆ ಎಂದೇ ಬೀರಾನನೂ ನಂಬಿದ್ದ. ತುದಿಯ ಹಗ್ಗ ಅವನ ಕೈಯಲ್ಲಿತ್ತು. ಅದು ಬಿಗಿಯೋ ಸಡಿಲವೋ ಕೈ ಹೇಳುತ್ತಿರಲಿಲ್ಲ. ಅವನಿಗೆ ಇರುಸುಮುರುಸು ಹುಟ್ಟಿಸಿದ್ದು ಅವನ ಮೂಗು. ಇಳಿಜಾರಿಗೆ ಬಂದ ಮೇಲೆ ಹಗ್ಗ ಗೂಟವನ್ನು ಉಜ್ಜಿಕೊಂಡು ಜಾರಬೇಕು, ಉಜ್ಜಿದಾಗ ನಾರು ಸುಡಬೇಕು. ಅಷ್ಟು ವರ್ಷ ಇಳಿಜಾರು ಎಂದರೆ ಅವನಿಗೆ ಆ ಸುಟ್ಟ ನಾರಿನ ವಾಸನೆ. ಇವತ್ತು ಅದು ಇಲ್ಲ. ಅವನು ಕೈ ಬಿಟ್ಟು ಗೂಟವನ್ನು ನೋಡಿದ. ಇಬ್ಬನಿಗೆ ನೆಂದು ಉಬ್ಬಿದ ನಾಲ್ಕು ಸುತ್ತುಗಳು ಒಂದನ್ನೊಂದು ಕಚ್ಚಿ ಹಿಡಿದಿದ್ದವು. ಅವನು ಕೊನೆಯದಾಗಿ ಊಡಿಸಿದ ಹಗ್ಗವೆಲ್ಲ ಈಚೆಯೇ ಸಡಿಲವಾಗಿ ಜೋತುಬಿದ್ದಿತ್ತು, ಒಂದು ಗೇಣೂ ಆಚೆಗೆ ಹೋಗಿರಲಿಲ್ಲ. ಗೂಟ ಉರುವಿನ ಕಡೆಗೆ ವಾಲಿತ್ತು. ಅದರ ಬುಡದಲ್ಲಿ ನೆಲ ಬಿರುಕು ಬಿಟ್ಟಿತ್ತು.

ಬೀರಾನ್ ಗೂಟದಿಂದ ಉರುವಿನವರೆಗೂ ಹಗ್ಗದ ಉದ್ದಕ್ಕೆ ಮತ್ತೊಮ್ಮೆ ಕಣ್ಣು ಹಾಯಿಸಿದ.

ಉರು ಎಲ್ಲಿಯೂ ಸಿಕ್ಕಿಕೊಂಡಿರಲಿಲ್ಲ. ಅಷ್ಟು ಜನ ಮುಂದೆ ಎಳೆಯುತ್ತಿದ್ದದ್ದನ್ನು ಇವನೊಬ್ಬ ಹಿಂದೆ ಹಿಡಿದುಕೊಂಡಿದ್ದ. ನೋಡುವವರಿಗೆ ಅದು ಸುಮ್ಮನೆ ನಿಂತ ಉರು. ನಿಜವಾಗಿ ಅದು ಎರಡು ಕಡೆಯಿಂದ ಸಮಸಮ ಜಗ್ಗಿ ನಿಲ್ಲಿಸಿದ ಉರು. ಒಂದು ಕಡೆ ಕಳಚಿದರೆ ಇನ್ನೊಂದು ಕಡೆಗೆ ಹಾರುತ್ತದೆ. ಸುತ್ತು ಬಿಚ್ಚಿದರೆ ಮುಂದಿನವರ ಎಳೆತವೆಲ್ಲ ಒಂದೇ ಏಟಿಗೆ ಉರುವನ್ನು ಜಂಶೀರನ ಮೇಲೆ ಹಾಯಿಸುತ್ತದೆ. ಬಿಚ್ಚದಿದ್ದರೆ ಗೂಟ ಕೀಳುತ್ತದೆ, ಆಗಲೂ ಅದೇ. ಮುಂದಿನ ಹಗ್ಗ ಮೊದಲು ಹರಿದರೆ ತಿರುಗಣೆಯವರ ತಲೆಗಳನ್ನು ಹೊಡೆದುಕೊಂಡು ಹೋಗುತ್ತದೆ. ಇದಿಷ್ಟೂ ಇಡೀ ದಂಡೆಯಲ್ಲಿ ಅವನೊಬ್ಬನಿಗೆ ಗೊತ್ತು. ಅವನಿಗೋ, ಮಾತಾಡಕೂಡದು.

“ಇನ್ನೊಂದು ನಾಲ್ಕು ಜನ ಬನ್ನಿ ಈ ತೋಳಿಗೆ!” ಎಂದು ಮೂಪ್ಪ ಕರೆಯುತ್ತಿದ್ದ. ಗೂಟದ ಬುಡದ ಬಿರುಕು ಬೀರಾನ್ ನೋಡುತ್ತಿದ್ದ ಹಾಗೆಯೇ ಅಗಲವಾಯಿತು.

ಎರಡನೆಯ ದನಿ ಕೇಳಿ ಜಂಶೀರ್ ಗಾಬರಿಯಾಗಿ ತಪ್ಪು ಕಡೆಗೆ ಹೊರಳಿದರೆ? ಅದೂ ನನ್ನ ತಲೆಗೇ. ಕೂಗದೆ ಹೋದರೆ? ಅಲ್ಲಾ, ಇವನನ್ನು ಕಾಪಾಡಲು ಹಾಕಿದ ಸುತ್ತಲ್ಲವೇ ಇದು, ಇದೇ ಇವನನ್ನು ಕೆಳಗೆ ಎಳೆದುಕೊಂಡು ಹೋಯಿತಲ್ಲ! ಬೀರಾನ್ ಎದ್ದು ನಿಂತ.

“ಮೂಪ್ಪಾ! ನೂಕಬೇಡಿ! ತಿರುಗಣೆ ಬಿಡ್ತಾ ಬನ್ನಿ, ಮೆತ್ತಗೆ, ಮೆತ್ತಗೆ! ಉರು ಸಿಕ್ಕಿಲ್ಲ, ನಾನು ಹಿಡಿದಿದೀನಿ! ನಾನೇ ಹಿಡಿದಿದೀನಿ!”

ದಂಡೆಗೆ ದಂಡೆಯೇ ತಿರುಗಿ ನೋಡಿತು. ಬಾಲದವನ ದನಿಯನ್ನು ಹಗ್ಗ ಬಿಗಿಯಾಗಿದ್ದಾಗ ಅಲ್ಲಿ ಯಾರೂ ಕೇಳಿದವರಲ್ಲ. ಸೈದಾಲಿ ಮೂಪ್ಪನ ಮುಖ ಒಂದು ಕ್ಷಣ ಸಿಟ್ಟಿನಿಂದ ಕೆಂಪಾಯಿತು. ಮರುಕ್ಷಣ ಅವನ ಕಣ್ಣು ವಾಲಿದ ಗೂಟದ ಮೇಲೆ ಬಿತ್ತು. ಅವನು ಒಂದು ಮಾತೂ ಕೇಳಲಿಲ್ಲ. ಎರಡೂ ಕೈ ಎತ್ತಿ, ದನಿ ಇಳಿಸಿ, ಇಳಿಸುವ ಕೂಗು ಹಾಕತೊಡಗಿದ. ತಿರುಗಣೆ ಹಲ್ಲು ಹಲ್ಲಾಗಿ ಹಿಂದಕ್ಕೆ ತಿರುಗಿತು. ಮುಂದಿನ ಹಗ್ಗ ಜೋತಿತು. ಉರು ಒಮ್ಮೆ ನಿಟ್ಟುಸಿರು ಬಿಟ್ಟ ಹಾಗೆ ಕಿರುಗುಟ್ಟಿ ತನ್ನ ಭಾರದಲ್ಲಿ ಕೂತಿತು. ಅಡಿಗೆ ಬೆಣೆಗಳು ಬಿದ್ದವು. ಆಮೇಲೆ ಮೂಪ್ಪ, “ಪುದಿಯಾಪ್ಲೇ, ಬಾ ಹೊರಗೆ,” ಎಂದು, ಮನೆಯಿಂದ ಊಟಕ್ಕೆ ಕರೆಯುವಷ್ಟೇ ಸಾವಧಾನದಿಂದ ಕರೆದ.

ಅಂಗಾಲು ಕಂಡವು, ಮೊಣಕಾಲು ಕಂಡವು. ಜಂಶೀರ್ ಎಣ್ಣೆಯ ಮುಖ ಒರೆಸಿಕೊಳ್ಳುತ್ತ ಎದ್ದು ನಿಂತ. “ದಿಮ್ಮಿ ಎಲ್ಲ ನೆಟ್ಟಗೇ ಇದೆಯಲ್ಲ ಮೂಪ್ಪ,” ಎಂದ ಪಾಪ, ಏನೂ ತಿಳಿಯದೆ.

ಬೀರಾನ್ ಗೂಟದ ಪಕ್ಕ ಕುಸಿದು ಕೂತ.

ಜನ ಸುತ್ತ ಬಂದರು. ಸುತ್ತುಗಳನ್ನು ಎಣಿಸಲು ಯಾರಿಗೂ ಹೊತ್ತು ಹಿಡಿಯಲಿಲ್ಲ. “ನಾಲ್ಕಾ?” ಎಂದ ಮೂಪ್ಪ. “ಇದೇನು ಎಮ್ಮೆ ಕಟ್ಟಿದೀಯೇನೋ ಬೀರಾನೇ?”

ಬೀರಾನ್ ಎರಡೂ ಅಂಗೈ ಮೇಲೆ ಮಾಡಿ ಚಾಚಿದ. ಕಾವಲಿಯ ಗುಳ್ಳೆಗಳು ಒಡೆದು, ಚರ್ಮ ಹರಿದು, ರಕ್ತ ಹಗ್ಗದ ನಾರಿನೊಡನೆ ಅಂಟಿಕೊಂಡಿತ್ತು. “ಏನೂ ಗೊತ್ತಾಗಲ್ಲ ಮೂಪ್ಪ,” ಎಂದ. “ಇವು ಸತ್ತು ಎಷ್ಟೋ ಕಾಲ ಆಯ್ತು. ಹೇಳೋಕೆ ಹೆದರಿಕೆ ಆಯ್ತು. ಹಗ್ಗ ಕೈಬಿಟ್ಟುಹೋದ್ರೆ ಅಂತ ಹೆದರಿಕೆ ಆಯ್ತು. ಅದಕ್ಕೆ ಇನ್ನೊಂದು ಸುತ್ತು ಹಾಕ್ದೆ.”

ಹಂಸ ಹಚ್ಚಬೇಕೆಂದಿದ್ದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ. ಮೂಪ್ಪ ಆ ಕೈಗಳನ್ನು ನೋಡಿದ, ಹೊಳೆಯನ್ನು ನೋಡಿದ. ನೀರು ಏರುತ್ತಿತ್ತು, ಕಾಯುವ ಜಾತಿಯದಲ್ಲ ಅದು.

“ನಿನ್ನ ಲೆಕ್ಕ ಆಮೇಲೆ ತೀರಿಸ್ತೀನಿ,” ಎಂದ. “ಬೇರೆ ಗೂಟ ಹೂಳಿ. ಬಾಲ ಯಾರು ಹಿಡೀತೀರಿ?”

ಎಲ್ಲರೂ ಹಂಸನ ಕಡೆ ನೋಡಿದರು. ಹಂಸ ನೆಲ ನೋಡಿದ. ಆ ವಾಲಿದ ಗೂಟ ನೋಡಿದ ಮೇಲೆ ಯಾರಿಗೂ ಬಾಲ ಬೇಡವಾಗಿತ್ತು.

“ನಾನು ಹಿಡೀತೀನಿ,” ಎಂದ ಜಂಶೀರ್.

“ನೀನು ಯಾವಾಗ ಕಲಿತೆ?”

“ಕಲೀದೆ ಇದ್ರೆ ನಮ್ಮನೇಲಿ ರಾತ್ರಿ ಊಟ ಹಾಕಲ್ಲ ಮೂಪ್ಪ.”

ಒಬ್ಬಿಬ್ಬರು ನಕ್ಕರು. ಜಂಶೀರ್ ಮಾವನ ಮುಖ ನೋಡದೆ ಹೊಸ ಗೂಟಕ್ಕೆ ಮೂರು ಸುತ್ತು ಹಾಕಿ ಕೂತ. ಸಿಟ್ಟಿತ್ತೋ, ಈಗಷ್ಟೇ ತಾನೆಲ್ಲಿದ್ದೆ ಎಂಬುದು ಹೊಳೆದು ನಡುಕ ಬಂದಿತ್ತೋ, ಕೇಳುವ ಧೈರ್ಯ ಬೀರಾನನಿಗಿರಲಿಲ್ಲ. ಅವನು ಅಳಿಯನ ಹಿಂದೆ ಹೋಗಿ ಬಗ್ಗಿದ. “ಬೆರಳಿಂದ ಬಿಡು ಮೋನೇ, ತೋಳಿಂದ ಅಲ್ಲ. ನಡುಗಿದ್ರೆ ಮಾತ್ರ...”

“ಬೀರಾನೇ,” ಎಂದ ಮೂಪ್ಪ. “ನೀನಿಲ್ಲಿ ನಿಂತ್ರೆ ಅವನು ನಿನ್ನ ಮಾತು ಕೇಳ್ತಾನೆ, ಹಗ್ಗದ ಮಾತು ಕೇಳಲ್ಲ. ದಂಡೆಗೆ ಹೋಗು.”

ಅವನು ಹೋದ. ಗೂಟದಿಂದ ತೆಂಗಿನ ನೆರಳಿಗೆ ಅಷ್ಟು ದೂರವೇನಲ್ಲ, ಆದರೆ ಎಲ್ಲರ ಕಣ್ಣ ಮುಂದೆ ಬರಿಗೈಯಲ್ಲಿ ನಡೆಯುವುದು ಅವನಿಗೆ ಸಾಕುಸಾಕಾಯಿತು. ಹೆಂಗಸರು ಜಾಗ ಬಿಟ್ಟರು. ಕದೀಸುಮ್ಮ ತಲೆಯ ಮೇಲಿನ ಬಟ್ಟೆ ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದಳು. ಅವಳು ಎಲ್ಲವನ್ನೂ ನೋಡಿದ್ದಳು. ಬೀರಾನ್ ಅವಳ ಪಕ್ಕ ನಿಂತ.

ಬೆಣೆಗಳನ್ನು ಹೊಡೆದು ತೆಗೆದರು. ಮೂಪ್ಪನ ಕೂಗು ಎದ್ದಿತು. ಉರುವಿನ ಅಡಿಯಲ್ಲಿ ಈಗ ಜಂಶೀರ್ ಇರಲಿಲ್ಲ, ಆದರೆ ಬೇರೆಯವರ ಅಳಿಯಂದಿರಿದ್ದರು, ಅಣ್ಣತಮ್ಮಂದಿರಿದ್ದರು. ಅವರ ಜೀವವೆಲ್ಲ ಈಗ ಮೊದಲ ಬಾರಿ ಬಾಲ ಹಿಡಿದವನ ಬೆರಳಲ್ಲಿ. ಬೀರಾನ್ ನೋಡಲಾರೆ ಎಂದು ಕಣ್ಣು ಮುಚ್ಚಿದ. ಮುಚ್ಚಿದರೆ ಇನ್ನೂ ಹೆಚ್ಚು ಕಾಣುತ್ತಿತ್ತು. ತೆರೆದ. ಉರು ನಿಂತಿದೆಯೋ ಸರಿಯುತ್ತಿದೆಯೋ ದೂರಕ್ಕೆ ತಿಳಿಯುತ್ತಿರಲಿಲ್ಲ. ನಿಂತೇ ಇದೆ. ಮತ್ತೆ ಸಿಕ್ಕಿತೇ? ಇಲ್ಲ, ಅದರ ಮೂಗು ಆಗಲೇ ಇಳಿಜಾರಿನ ಪಕ್ಕ ಬಿದ್ದಿರುವ ತೆಂಗಿನ ಬುಡ ದಾಟಿದೆ. ಹುಡುಗ ಜಾಸ್ತಿ ಬಿಡುತ್ತಿದ್ದಾನೆ. ಅಲ್ಲ, ಕಡಿಮೆ ಬಿಡುತ್ತಿದ್ದಾನೆ. “ನಿಲ್ಲಿಸು, ನಿಲ್ಲಿಸು,” ಎಂದು ಅವನ ತುಟಿ ತಾನಾಗಿ ಅಲುಗಿತು. ಉರು ನಿಂತಿತು. “ಈಗ ಬಿಡು.” ಉರು ಸರಿಯಿತು.

ಆಗ ಗಾಳಿಯಲ್ಲಿ ಸುಟ್ಟ ನಾರಿನ ವಾಸನೆ ಬಂತು.

ಆ ದೊಡ್ಡ ಹೊಟ್ಟೆ ನೀರನ್ನು ಮುಟ್ಟುವುದನ್ನು ಬೀರಾನ್ ಅಂದು ಕಣ್ಣಾರೆ ಕಂಡ. ಸದ್ದೇ ಆಗಲಿಲ್ಲ. ನೀರು ಪಕ್ಕಕ್ಕೆ ಸರಿದು ಜಾಗ ಕೊಟ್ಟಿತು, ಅಷ್ಟು ಹೊತ್ತು ನರಳುತ್ತಿದ್ದ ಮರ ಥಟ್ಟನೆ ಹಗುರವಾಯಿತು, ಬಾಲದ ಹಗ್ಗ ಜೋತು ನೀರಿಗೆ ಬಿತ್ತು. ದಂಡೆಯೆಲ್ಲ ಕೇಕೆ ಹಾಕಿತು. ಗೂಟದ ಬಳಿ ಜಂಶೀರ್ ಎದ್ದು ನಿಂತು, ಅಷ್ಟು ಜನರ ನಡುವೆ, ತೆಂಗಿನ ನೆರಳಲ್ಲಿ ಮಾವ ಎಲ್ಲಿದ್ದಾನೆಂದು ಹುಡುಕುತ್ತಿದ್ದ. ಬೀರಾನನ ಕಣ್ಣು ಮಂಜಾಯಿತು.

“ಬಿಡಿ ಈಗ,” ಎಂದಳು ಕದೀಸುಮ್ಮ ಮೆಲ್ಲಗೆ. “ತೇಲ್ತಾ ಇದೆ.”

“ಏನು ಬಿಡೋದು?”

ಅವಳು ಕೆಳಗೆ ಕಣ್ಣು ಹಾಯಿಸಿದಳು. ಬೀರಾನನ ಬಲಗೈ ಅವಳ ಮಣಿಕಟ್ಟನ್ನು ಹಿಡಿದಿತ್ತು. ಎರಡು ಬಳೆ ಒಡೆದು ಚೂರು ಚರ್ಮಕ್ಕೆ ಒತ್ತಿತ್ತು, ಅವಳ ಬೆರಳುಗಳು ನೀಲಿಗಟ್ಟಿದ್ದವು.

“ಯಾವಾಗಿಂದ ಹಿಡ್ಕೊಂಡಿದೀನಿ?”

“ನೀವು ಬಂದು ನಿಂತಾಗಿಂದ.”

“ಹೇಳಬಾರದಿತ್ತಾ ಕದೀಸೂ! ನನಗೆ ಗೊತ್ತೇ ಆಗಲಿಲ್ಲವಲ್ಲ!”

“ಹಗ್ಗ ಬಿಗಿಯಾಗಿರುವಾಗ ಮಾತಾಡಬಾರದು ಅಂತ ನೀವೇ ಅಲ್ವಾ ಹೇಳೋದು,” ಎಂದಳು ಅವಳು. ಅವನು ಬಿಡಲು ನೋಡಿದ, ಬೆರಳುಗಳು ಮಾತು ಕೇಳಲಿಲ್ಲ. ಅವಳೇ ಇನ್ನೊಂದು ಕೈಯಿಂದ ಅವುಗಳನ್ನು ಒಂದೊಂದಾಗಿ ಬಿಡಿಸಿದಳು.